ಸೇನಾ ಅಕಾಡೆಮಿಗೆ ಹೊರಟ ನನ್ನ ಕೋಟು

ಕೋಟು ಕೊಳ್ಳಲು ಹೊರಟವರಿಗೆ ನನ್ನದೊಂದು ಸಲಹೆ ಸದಾ ಸಿದ್ಧವಿರುತ್ತದೆ: ಹೊಸದು ಕೊಳ್ಳಬೇಡಿ! ಕುವೈತಿನ ಚಳಿ ಬಂದದ್ದು ಗೊತ್ತಾಗುವುದರೊಳಗೆ ಹೋಗಿಬಿಡುತ್ತದೆ. ಆಮೇಲೆ ಆ ಕೋಟನ್ನು ಕಪಾಟಿನಲ್ಲಿಟ್ಟು ಜಿರಳೆಗಳಿಗೆ ತೊಡಿಸುತ್ತೀರಾ? ಇಲ್ಲಿನ ಸಬ್ಹಾನ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಖರೀದಿ ನೋಡಿಕೊಳ್ಳುವವನು ನಾನು. ಬೋಲ್ಟಿನಿಂದ ಬಾಯ್ಲರ್‌ವರೆಗೆ ಯಾವುದನ್ನೂ ಹೇಳಿದ ಬೆಲೆಗೆ ಕೊಂಡವನಲ್ಲ. ಹಾಗಾಗಿ ಸಲಹೆ ಕೊಡುವ ಹಕ್ಕು ನನಗಿದೆ. ಅಥವಾ ಇತ್ತು.

ನಮ್ಮ ಮಗಳು ಮೆಲಿಶಾ ಇಲ್ಲೇ ಫರ್ವಾನಿಯಾದ ಫ್ಲ್ಯಾಟಿನಲ್ಲಿ ಬೆಳೆದವಳು. ಡಿಗ್ರಿ ಮುಗಿಸಿ, ಪರೀಕ್ಷೆ ಬರೆದು, ಭಾರತದ ಸೇನಾ ಅಕಾಡೆಮಿಯೊಂದಕ್ಕೆ ಸೇರಿದ್ದಳು. ತರಬೇತಿ ಮುಗಿಯುತ್ತಾ ಬಂದಾಗ ಒಂದು ದಿನ ಫೋನ್ ಮಾಡಿದಳು.

"ಪಪ್ಪಾ, ನಿಮಗೂ ಮಮ್ಮಿಗೂ ಒಂದು ರಾತ್ರಿ ಇಲ್ಲೇ ಗೆಸ್ಟ್ ಹೌಸಲ್ಲಿ ಸ್ಟೇ. ರಾತ್ರಿ ಡಿನ್ನರ್, ಬೆಳಿಗ್ಗೆ ಪರೇಡ್. ಆಮೇಲೆ ನನ್ನ ಶೋಲ್ಡರ್ ಮೇಲಿನ ಸ್ಟಾರಿಗೆ ಮುಚ್ಚಿದ ಪಟ್ಟಿ ನೀವೇ ತೆಗೀಬೇಕು. ಕೋಟು, ಟೈ ಕಂಪಲ್ಸರಿ. ಅಂಡ್ ಪ್ಲೀಸ್ ಪಪ್ಪಾ, ನೋ ಡ್ರಾಮಾ!"

"ಡ್ರಾಮಾ? ನಾನಾ? ಕೋಟಿನ ವಿಷಯ ನನಗೆ ಬಿಡು."

"ಅದಲ್ಲ ಪಪ್ಪಾ, ಕೋಟು ಅಂದ್ರೆ ಇಲ್ಲಿ..."

"ಬಿಡು ಅಂದೆನಲ್ಲ!" ಎಂದು ಫೋನಿಟ್ಟೆ.

ಆದರೆ ಒಳಗೊಳಗೇ ಒಂದು ಅಳುಕಿತ್ತು. ಶಾಲೆಯ ಫೇರ್‌ನಲ್ಲಿ ಲಿಂಬೆ ಶರಬತ್ತಿಗೂ ಚೌಕಾಶಿ ಮಾಡಿ, ಮಗಳು ಕಂಬದ ಹಿಂದೆ ಅವಿತುಕೊಳ್ಳುವಂತೆ ಮಾಡಿದ ಅಪ್ಪ ನಾನು. ಈ ಒಂದು ದಿನವಾದರೂ ಅವಳು ಅವಿತುಕೊಳ್ಳದೆ, ಎಲ್ಲರೆದುರು ನನ್ನನ್ನು ತೋರಿಸಿ "ಇವರು ನನ್ನ ಪಪ್ಪಾ" ಎನ್ನಬೇಕು. ಆಸೆ ಇಷ್ಟೇ.

ಶುಕ್ರವಾರದ ಸಂತೆಯಲ್ಲಿ ಹಳೇ ಬಟ್ಟೆಗಳ ರಾಶಿಯಿಂದ ಕಡುನೀಲಿ ಕೋಟೊಂದನ್ನು ಎಳೆದೆ. ಅಂಗಡಿಯವನು ಅಳುವ ಮಟ್ಟಕ್ಕೆ ಬಂದ ಮೇಲೆಯೇ ಕೊಂಡೆ. ವಿಜಯಿಯಾಗಿ ಮನೆಗೆ ಬಂದರೆ, ನರ್ಸ್ ಕೆಲಸದಿಂದ ಆಗಷ್ಟೇ ಮರಳಿದ್ದ ಹೆಂಡತಿ ಐರಿನ್ ಮೂಗು ಮುಚ್ಚಿಕೊಂಡಳು.

"ಎಂತ ಇದು ಮಾರಾಯ್ರೆ? ಇದರೊಳಗೆ ಯಾರೋ ಕೂತು ಹುಕ್ಕಾ ಸೇದಿದ ಹಾಗುಂಟು!"

"ವಾಸನೆ ತಾನೇ? ಅದಕ್ಕೂ ಉಪಾಯ ಉಂಟು."

"ಡ್ರೈಕ್ಲೀನಿಂಗಿಗೆ ಕೊಡುವುದು ಉಪಾಯ."

"ಅದು ಖರ್ಚು. ಉಪಾಯ ಬೇರೆ!"

ಇಲ್ಲಿನ ಅರಬರ ಮನೆಗಳಲ್ಲಿ ಕೆಂಡದ ಮೇಲೆ ಬಖೂರ್ ಎಂಬ ಸುಗಂಧದ ಚೂರು ಹಾಕಿ, ಆ ಹೊಗೆಯನ್ನು ಬಟ್ಟೆಗೆ ಹಿಡಿಸುತ್ತಾರೆ. ವಾರಗಟ್ಟಲೆ ಪರಿಮಳ! ನಾನು ಧೂಪದ ಪಾತ್ರೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ಕುರ್ಚಿಯಿಟ್ಟು, ಕುರ್ಚಿಯ ಮೇಲಿಂದ ಕೋಟನ್ನು ಇಳಿಬಿಟ್ಟು, ಬಾಗಿಲೆಳೆದುಕೊಂಡು ಹೊರಬಂದೆ. ಚಹಾ ಕುಡಿಯುತ್ತಾ ಈ ವಿಧಾನದ ಶ್ರೇಷ್ಠತೆಯನ್ನು ಐರಿನ್‌ಗೆ ವಿವರಿಸತೊಡಗಿದೆ.

"ಪರಿಮಳ ಬಂತಾ?" ಎಂದೆ.

"ಬಂತು. ಇಸ್ತ್ರಿಪೆಟ್ಟಿಗೆ ಮರೆತಾಗ ಬರುತ್ತದಲ್ಲ, ಅದೇ ಪರಿಮಳ!"

ಓಡಿದೆವು. ಕೋಟು ಕುರ್ಚಿಯಿಂದ ಜಾರಿ ಕೆಂಡವನ್ನು ಅಪ್ಪಿಕೊಂಡಿತ್ತು. ಎಡ ಎದೆಯ ಮೇಲೆ, ಸರಿಯಾಗಿ ಹೃದಯದ ಜಾಗದಲ್ಲಿ, ಅಂಗೈ ಹೋಗುವಷ್ಟು ತೂತು!

ಐರಿನ್ ಬೆರಳುಗಳನ್ನು ತೂರಿಸಿ ಆಡಿಸಿದಳು. "ಡಾಕ್ಟರಿಗೆ ಒಳ್ಳೆಯದಾಯಿತು. ಗುಂಡಿ ಬಿಚ್ಚದೆ ಸ್ಟೆತೊಸ್ಕೋಪ್ ಇಡಬಹುದು."

ಮರುದಿನವೇ ಪ್ರಯಾಣ. ಹೊಸ ಕೋಟು ಕೊಳ್ಳುವುದೇ? ಇಷ್ಟು ವರ್ಷ ಊರಿಗೆಲ್ಲ ಕೊಟ್ಟ ಸಲಹೆಯ ಗತಿ ಏನು! ನಮ್ಮ ಬೀದಿಯ ದರ್ಜಿ ಅಶ್ರಫ್ ಭಾಯಿಯ ಬಳಿಗೆ ಓಡಿದೆ. ಹೈದರಾಬಾದಿನವರು, ಕಂಪನಿಗಳ ಸಮವಸ್ತ್ರ ಹೊಲಿಯುವವರು. ಅವರ ಡಬ್ಬದಲ್ಲಿ ಉಳಿದುಬಿದ್ದ ಬ್ಯಾಡ್ಜುಗಳ ರಾಶಿಯೇ ಇತ್ತು. ಚಿನ್ನದ ದಾರದ ಅಂಚು, ಸುತ್ತಲೂ ಅರಬಿ ಅಕ್ಷರದ ಕಸೂತಿ ಇದ್ದ ಒಂದು ದೊಡ್ಡ ಬ್ಯಾಡ್ಜು ತೂತಿಗೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಆಹಾ, ಎಂಥ ಗಾಂಭೀರ್ಯ!

"ಭಾಯ್‌ಸಾಬ್, ಇದರ ಮೇಲೆ ಬರೆದದ್ದು..." ಎಂದರು ಅಶ್ರಫ್ ಭಾಯಿ.

"ಬರೆದದ್ದು ಇರಲಿ ಭಾಯಿ, ರೇಟು ಹೇಳಿ!"

ರೇಟು ಹೇಳಿದರು. ಅರ್ಧಕ್ಕಿಳಿಸಿದೆ. ಬರೆದದ್ದೇನೆಂದು ಅವರೂ ಮತ್ತೆ ಹೇಳಲಿಲ್ಲ.

ಪೆಟ್ಟಿಗೆಗೆ ಹಾಕಿದರೆ ಸುಕ್ಕಾಗುತ್ತದೆ, ತೂಕವೂ ಹೆಚ್ಚುತ್ತದೆ. ಆದ್ದರಿಂದ ವಿಮಾನ ನಿಲ್ದಾಣಕ್ಕೆ ಕೋಟು ತೊಟ್ಟೇ ಹೋದೆ. ಪಾಸ್‌ಪೋರ್ಟ್ ನೋಡುವ ಕುವೈತಿ ಅಧಿಕಾರಿ ನನ್ನ ಮುಖ ನೋಡಿದ, ಎದೆ ನೋಡಿದ, ಥಟ್ಟನೆ ಎದ್ದು ನಿಂತು ಸೆಲ್ಯೂಟ್ ಹೊಡೆದ! ನಾನು ಐರಿನ್ ಕಡೆ ತಿರುಗಿ ಹುಬ್ಬು ಹಾರಿಸಿದೆ.

"ಬೆಂಕಿ ಎಲ್ಲಿ ಬಿದ್ದಿದೆ?" ಎಂದು ಅರಬಿಯಲ್ಲಿ ಕೇಳಿದ ಆತ.

ನನಗೆ ಅರಬಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆತನೇ ಗಟ್ಟಿಯಾಗಿ ಓದಿ ಹೇಳಿದ: "ಬೆಂಕಿ ಬಿದ್ದರೆ ಇವರ ಹಿಂದೆ ಓಡಿ!"

ಯಾವುದೋ ಕಾರ್ಖಾನೆಯಲ್ಲಿ ಜನರನ್ನು ಹೊರಗೆ ಕರೆದೊಯ್ಯುವವನ ಬ್ಯಾಡ್ಜು ಅದು. ಸಾಲಿನಲ್ಲಿದ್ದ ಈಜಿಪ್ಟಿನ ಇಬ್ಬರು ಮಹನೀಯರು ವಿಮಾನದ ಬಾಗಿಲವರೆಗೂ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದರು. ಕೀಳೋಣವೆಂದರೆ ಕೆಳಗೆ ತೂತು!

"ಅಲ್ಲಿ ಯಾರಿಗೂ ಅರಬಿ ಬರುವುದಿಲ್ಲ, ಹೆದರಬೇಡ" ಎಂದು ಐರಿನ್‌ಗೆ ಧೈರ್ಯ ಹೇಳಿದೆ.

"ಒಬ್ಬಳಿಗೆ ಬರುತ್ತದೆ" ಎಂದಳು ಐರಿನ್. "ಇಲ್ಲಿಯ ಶಾಲೆಯಲ್ಲಿ ಕಲಿತವಳಿಗೆ!"

ಅಕಾಡೆಮಿಯ ಗೇಟಿನಲ್ಲಿ ಮೆಲಿಶಾ ಬೆತ್ತದಂತೆ ನೆಟ್ಟಗೆ ನಿಂತಿದ್ದಳು. ನಾವು ಹತ್ತಿರ ಬಂದೆವು. ಅವಳ ಕಣ್ಣು ಬಲದಿಂದ ಎಡಕ್ಕೆ ನಿಧಾನವಾಗಿ ಹರಿಯಿತು. ಓದುತ್ತಿದ್ದಳು! ಗಲ್ಲ ನಡುಗಿತು. ನಗುವೋ ಅಳುವೋ ತಿಳಿಯಲಿಲ್ಲ.

"ಮಗಳೇ, ಸಾರಿ..." ಎಂದೆ.

ಅವಳು ನಮ್ಮನ್ನು ಗೆಸ್ಟ್ ಹೌಸಿಗೆ ಕರೆದೊಯ್ದು ಒಂದು ಕಪಾಟು ತೆರೆದಳು. ಸಾಲುಸಾಲು ಕೋಟುಗಳು! ಇಸ್ತ್ರಿ ಮಾಡಿದವು, ತೂತಿಲ್ಲದವು.

"ಕೋಟಿಲ್ಲದೆ ಬರೋ ಪೇರೆಂಟ್ಸಿಗೆ ಇಲ್ಲೇ ಕೊಡ್ತಾರೆ ಪಪ್ಪಾ. ಆವತ್ತು ಫೋನಲ್ಲಿ ಹೇಳೋಕೆ ಬಿಟ್ರೆ ತಾನೇ?"

"ಬಾಡಿಗೆ ಎಷ್ಟಂತೆ?" ಅಭ್ಯಾಸಬಲ, ನೋಡಿ.

"ಫ್ರೀ."

ಜೀವನದಲ್ಲಿ ಮೊದಲ ಸಲ ಇನ್ನೂ ಕಡಿಮೆ ಮಾಡಲು ಏನೂ ಇರಲಿಲ್ಲ!

ನನ್ನ ಅಳತೆಯವು ಮುಗಿದಿದ್ದವು. ಸಿಕ್ಕಿದ್ದು ಯಾರೋ ಆಜಾನುಬಾಹುವಿಗೆ ಹೊಲಿದದ್ದು. ರಾತ್ರಿಯ ಊಟದಲ್ಲಿ ಅದರ ಉದ್ದ ತೋಳು ನನಗಿಂತ ಮೊದಲೇ ಸೂಪು ಕುಡಿಯಿತು. ಬೆಳಿಗ್ಗೆ ಪರೇಡ್ ಮುಗಿದು, ಅಪ್ಪ ಅಮ್ಮಂದಿರೆಲ್ಲ ಮೈದಾನಕ್ಕಿಳಿದರು. ಮೆಲಿಶಾಳ ಒಂದು ಭುಜದ ಪಟ್ಟಿಯನ್ನು ಐರಿನ್ ಸಲೀಸಾಗಿ ತೆಗೆದಳು. ಇನ್ನೊಂದು ನನ್ನ ಪಾಲು. ಕೈಯೆತ್ತಿದೆ. ಕೈ ಕಾಣಿಸಲೇ ಇಲ್ಲ! ತೋಳಿನೊಳಗೆಲ್ಲೋ ಬೆರಳುಗಳು ಹುಡುಕಾಡುತ್ತಿದ್ದವು. ಪಕ್ಕದಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ತಿರುಗಿ ನೋಡಿದರು. ಅಲ್ಲಿ ಕಂಬವಿದ್ದಿದ್ದರೆ ಈ ಸಲ ನಾನೇ ಅವಿತುಕೊಳ್ಳುತ್ತಿದ್ದೆ.

"ಸರ್, ಇವರು ನನ್ನ ಪಪ್ಪಾ. ಕುವೈತಿಂದ ಬಂದಿದ್ದಾರೆ" ಎಂದು ಮೆಲಿಶಾ ಇಂಗ್ಲಿಷಿನಲ್ಲಿ ಹೇಳಿದಳು. ಹೇಳುತ್ತಲೇ ನನ್ನ ಕೋಟಿನ ತೋಳನ್ನು ಅಚ್ಚುಕಟ್ಟಾಗಿ ಎರಡು ಮಡಿಕೆ ಮಡಚಿದಳು. ಬೆರಳು ಹೊರಬಂತು. ಪಟ್ಟಿ ಕಳಚಿತು. ಸ್ಟಾರು ಹೊಳೆಯಿತು. ಕಣ್ಣೊರೆಸಿಕೊಳ್ಳಲು ಕೈಯೆತ್ತುವಷ್ಟರಲ್ಲಿ ಮಡಿಕೆ ಬಿಚ್ಚಿಕೊಂಡು, ತೋಳು ಮುಖವಿಡೀ ಒರೆಸಿತು.

ಒಂದು ಭುಜದಲ್ಲಿ ಆಗಲೇ ಸ್ಟಾರು ತೆರೆದಿತ್ತಲ್ಲ, ಹಾಗಾಗಿ ಲೆಕ್ಕಪ್ರಕಾರ ಅರ್ಧ ಅಧಿಕಾರಿಯಾಗಿದ್ದಾಗಲೇ ನನ್ನ ಮಗಳು ಮೊದಲ ರಕ್ಷಣಾ ಕಾರ್ಯಾಚರಣೆ ಮುಗಿಸಿದ್ದಳು. ಕೋಟಿನೊಳಗೆ ಕಳೆದುಹೋಗಿದ್ದ ಒಬ್ಬ ನಾಗರಿಕನನ್ನು ಜೀವಂತವಾಗಿ ಹೊರತೆಗೆದದ್ದು!