ಖಾಲಿ ಜಾಗದ ಓಟ

ಬೆಳಿಗ್ಗೆ ಎಂಟಕ್ಕೆ ಸಂಡೂರು ರಸ್ತೆಯ ತಿರುವಿನಲ್ಲಿ ಅದಿರು ತುಂಬಿದ ಲಾರಿಯೊಂದು ಆಕ್ಸಲ್ ಮುರಿದುಕೊಂಡು ಅಡ್ಡಡ್ಡ ನಿಂತಿತು. ಒಂಬತ್ತರ ಹೊತ್ತಿಗೆ ಅದರ ಹಿಂದೆ, ಎಂಜಿನಿಯರಿಂಗ್ ಕಾಲೇಜಿನ ಗೇಟನ್ನೂ ದಾಟಿ, ಎರಡು ಮೈಲಿ ಲಾರಿಗಳು. ಎದುರಿನಿಂದ, ಹೊಸಪೇಟೆ ಕಡೆಯಿಂದ ಬರುತ್ತಿದ್ದ ಕಾಲೇಜಿನ ಬಸ್ಸೂ ಸಿಕ್ಕಿಕೊಂಡಿತು.

ಎಲೆಕ್ಟ್ರಾನಿಕ್ಸ್ ಮೇಷ್ಟ್ರು ವಾದಿರಾಜನಿಗೆ ಇದು ಕುತ್ತಿಗೆಗೇ ಬಂದಿತು. ಮೂವತ್ತು ಸೀಟಿನ ಅವನ ವಿಭಾಗದಲ್ಲಿ ಉಳಿದಿದ್ದವರೇ ಹನ್ನೊಂದು ಜನ. ಮಿಕ್ಕವರು ಓದು ಬಿಟ್ಟು ಗಣಿಯ ಕಡೆ ಓಡಿದ್ದರು. ಆ ಹನ್ನೊಂದು ಮಂದಿಯೂ ಈಗ ಬಸ್ಸಿನಲ್ಲಿ. ವಿಶ್ವವಿದ್ಯಾಲಯದ ತಪಾಸಣೆ ಇವತ್ತೇ!

ಪ್ರಿನ್ಸಿಪಾಲ್ ಸಿದ್ದಲಿಂಗೇಶ್ ಏದುಸಿರು ಬಿಡುತ್ತ ಬಂದರು. "ವಾದಿರಾಜ್, ತಪಾಸಣೆ ಮೇಡಂ ಕಾರು ಬಿಟ್ಟು ನಡ್ಕೊಂತ ಬರಾಕತ್ತಾರ. ಕ್ಲಾಸು ಖಾಲಿ ಕಂಡ್ರ ನಿಮ್ಮ ಬ್ರಾಂಚಿಗೆ ಬೀಗ. ನೀವು ಕಮಲಾಪುರದ ತ್ವಾಟಕ್ಕ ಹೋಗಿ ಬಾಳಿ ಗೊನಿ ಎಣಿಸ್ರಿ!"

ಮೂರು ತಿಂಗಳು ಹೊಸಪೇಟೆಯ ಸೈಬರ್ ಕೆಫೆಯಲ್ಲಿ ಕೂತು ವಾದಿರಾಜ ಒಂದು ಸಿಮ್ಯುಲೇಷನ್ ಇಳಿಸಿಕೊಂಡು, ಸಿ.ಡಿ.ಗೆ ಹಾಕಿ ತಂದು, ಲ್ಯಾಬಿನ ಕಂಪ್ಯೂಟರುಗಳಲ್ಲಿ ಚಾಲೂ ಮಾಡಿಟ್ಟಿದ್ದ. ಪರದೆಯ ಮೇಲೆ ಸಿಲಿಕಾನ್ ತುಂಡು. ಅದರೊಳಗೆ ನೀಲಿ ಗೋಲಿಗಳು, ಅವೇ ಎಲೆಕ್ಟ್ರಾನು. ಗೋಲಿ ಬಿಟ್ಟು ಹೋದ ಖಾಲಿ ಜಾಗ, ಅದೇ ಹೋಲು. ಬಿಸಿ ಏರಿಸಿದರೆ, ವೋಲ್ಟೇಜ್ ಕೊಟ್ಟರೆ ಎಲ್ಲವೂ ಕಣ್ಣೆದುರೇ ಓಡುತ್ತಿದ್ದವು. ಹತ್ತು ವರ್ಷ ಹಲಗೆಯ ಮೇಲೆ ಗೀಚಿ ಹೇಳಲಾಗದ್ದನ್ನು ಅದು ಹತ್ತು ನಿಮಿಷದಲ್ಲಿ ತೋರಿಸುತ್ತಿತ್ತು. ಆದರೆ ನೋಡಲು ತಲೆಗಳು ಬೇಕಲ್ಲ!

ಲ್ಯಾಬಿಗೆ ಓಡಿದ. ಬಾಗಿಲಲ್ಲೇ ಕಲ್ಲಾಗಿ ನಿಂತ. ಲ್ಯಾಬು ತುಂಬಿ ತುಳುಕುತ್ತಿತ್ತು!

"ಲಾರಿ ಡ್ರೈವರಗಳ್ರಿ," ಎಂದಳು ಆಯಾ ಹೊಳೆಮ್ಮ. "ನೀರು ಕೇಳಾಕ ಬಂದ್ರು, ಫ್ಯಾನು ಕಂಡು ಕುಂತ್ರು. ಈಗ ಗೋಲಿ ಆಟ ಹಚ್ಚ್ಯಾರ, ಏಳವಲ್ಲರು."

ಚೋರನೂರಿನ ಡ್ರೈವರ್, ನರೆತ ಮೀಸೆಯ ಉಚ್ಚೆಂಗೆಪ್ಪ ಮೌಸನ್ನು ಲಾರಿಯ ಗೇರಿನಂತೆ ಹಿಡಿದು ಕೂತಿದ್ದ. "ಸಾರ್, ಹೀಟ್ ಏರಿದ್ರ ನಮ್ಮ ಗಾಡಿ ನಿಂದರ್ತದ. ಇದು ಜೋರ್ ಓಡ್ತದಲ್ರೀ! ಮಸ್ತ್ ಐತಿ."

ಬೈಯಲು ವಾದಿರಾಜ ಬಾಯಿ ತೆರೆದ. ಅಷ್ಟರಲ್ಲಿ ಹಿಂದೆ ಚಪ್ಪಲಿ ಸದ್ದು. ತೆರೆದ ಬಾಯಿ ಹಾಗೇ ನಗೆಯಾಯಿತು.

ಮೇಡಂ ಅಡಿಯಿಂದ ಮುಡಿಯವರೆಗೆ ಕೆಂಧೂಳಿ ಮೆತ್ತಿಕೊಂಡು, ಕುಂಕುಮಾರ್ಚನೆ ಮುಗಿದ ದೇವಿಯಂತೆ ಬಂದರು. ಒಳಗಿದ್ದವರೂ ಕೆಂಪು. ಆ ಧೂಳಿನಲ್ಲಿ ಎಂಜಿನಿಯರ್ ಯಾರು, ಡ್ರೈವರ್ ಯಾರು, ಹೆತ್ತ ತಾಯಿಗೂ ತಿಳಿಯದು.

"ಯಾಕೆ ಎಲ್ಲರೂ ಖಾಕಿ?"

"ವರ್ಕ್‌ಶಾಪ್ ಯೂನಿಫಾರ್ಮ್, ಮೇಡಂ," ಎಂದ ವಾದಿರಾಜ.

"ಇವರಿಗೆ ಮೀಸೆ ನರೆತಿದೆಯಲ್ಲ!"

"ಸಬ್ಜೆಕ್ಟು ಭಾಳ ಬಾಕಿ ಉಳಿಸ್ಕೊಂಡಾರ್ರೀ," ಎಂದರು ಹಿಂದೆಯೇ ಬಂದ ಪ್ರಿನ್ಸಿಪಾಲರು.

ಮೇಡಂ ನೇರ ಆ ನರೆತ ಮೀಸೆಯ ಕಡೆಗೇ ಬೆರಳು ಮಾಡಿದರು. "ನೀವು ಹೇಳಿ. ಎಲೆಕ್ಟ್ರಾನ್ ಈ ಕಡೆ ಹೋದರೆ ಹೋಲು ಆ ಕಡೆ ಯಾಕೆ ಹೋಗುತ್ತದೆ?"

ವಾದಿರಾಜ ಕಣ್ಣುಮುಚ್ಚಿ ಹಂಪಿಯ ಯಂತ್ರೋದ್ಧಾರಕ ಹನುಮಪ್ಪನಿಗೆ ಹರಕೆ ಹೊತ್ತ.

ಉಚ್ಚೆಂಗೆಪ್ಪ ಪರದೆ ನೋಡಿದ, ಕಿಟಕಿಯಾಚೆ ನೋಡಿದ. "ಅದರಾಗೇನೈತ್ರೀ ಅಕ್ಕಾರ? ಹೊರಗ ನೋಡ್ರಿ. ಮುಂದಿನ ಲಾರಿ ಒಂದು ಮಾರು ಸರದ್ರ ಹಿಂದ ಜಾಗ ಖಾಲಿ. ಅಲ್ಲಿಗೆ ಎರಡನೇ ಲಾರಿ ಬಂದ್ರ ಅದರ ಹಿಂದ ಖಾಲಿ. ಆಮ್ಯಾಲ ಮೂರನೇದು. ಲಾರಿ ಎಲ್ಲಾ ಹೊಸಪ್ಯಾಟಿ ಕಡೆ, ಖಾಲಿ ಜಾಗ ಸಂಡೂರ ಕಡೆ. ಅದಕ್ಕೇನು ಗಾಲಿ ಅದಾವೇನ್ರಿ? ಆದ್ರೂ ಓಡ್ತದ!"

ಮೇಡಂ ಮೇಜು ಕುಟ್ಟಿದರು. "ಇಪ್ಪತ್ತು ವರ್ಷದಲ್ಲಿ ಇಂಥ ಉತ್ತರ ಕೇಳಿಲ್ಲ!"

ನಿಜ ಹೇಳಬೇಕೆಂದರೆ ವಾದಿರಾಜನಿಗೂ ಅದು ಸರಿಯಾಗಿ ತಲೆಗೆ ಹೋದದ್ದು ಅವತ್ತೇ.

ಅಷ್ಟರಲ್ಲಿ ರಸ್ತೆಯಿಂದ ಹಾರನ್ನುಗಳು ಒಮ್ಮೆಗೇ ಅರಚಿದವು. "ಲೇ, ದಾರಿ ಬಿಡ್ತಲೇ!" ಎಂದು ಯಾರೋ ಕೂಗಿದರು. ಕುರ್ಚಿಗಳು ದಬದಬ ಉರುಳಿದವು. ಕಣ್ಣು ಮಿಟುಕಿಸುವುದರೊಳಗೆ ಲ್ಯಾಬು ಮದುವೆ ಮುಗಿದ ಚಪ್ಪರ!

"ಎಲ್ಲಿ ಹೋದರು?" ಮೇಡಂ ಬೆರಗಾದರು.

"ಪ್ರಾ... ಪ್ರಾಕ್ಟಿಕಲ್, ಮೇಡಂ," ವಾದಿರಾಜ ತೊದಲಿದ.

ಮೇಡಂ ಕಿಟಕಿಗೆ ಹೋದರು. ಲಾರಿಗಳು ಒಂದೊಂದಾಗಿ ಮುಂದೆ ಸರಿಯುತ್ತಿದ್ದವು, ಖಾಲಿ ಜಾಗ ಹಿಂದೆ ಹಿಂದೆ ಓಡುತ್ತಿತ್ತು.

"ಅರೆ, ಸ್ಟೂಡೆಂಟ್ಸೇ ಲಾರಿ ಓಡಿಸುತ್ತಿದ್ದಾರೆ!"

"ನಮ್ಮಲ್ಲಿ ಕೈಯಾರೆ ಮಾಡಿಯೇ ಕಲೀಬೇಕು, ಮೇಡಂ," ಎಂದ ವಾದಿರಾಜ. ಬೆನ್ನ ಮೇಲೆ ಬೆವರು ತುಂಗಭದ್ರೆಯ ಕಾಲುವೆಯಾಗಿತ್ತು.

ಮೇಡಂ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಗಂಟೆ ಬರೆದರು. ಆ ಒಂದು ಗಂಟೆ ವಾದಿರಾಜ ಮನಸ್ಸಿನಲ್ಲಿ ಗೊನೆ ಎಣಿಸಿದ.

ಸಂಜೆ ಸಿದ್ದಲಿಂಗೇಶ್ ಪೇಢೆ ಡಬ್ಬಿ ಹಿಡಿದು ಬಂದರು. "ಬಾಯಿ ತೆಗೀರಿ! ಬ್ರಾಂಚು ಉಳೀತು. ಇಂಥಾ ಪಾಠ ರಾಜ್ಯದಾಗೇ ಇಲ್ಲಂತ ಬರ್ದಾರ."

ಪೇಢೆ ಬಾಯಿಗೆ ಬಿತ್ತು. ವಾದಿರಾಜನ ಕಣ್ಣಲ್ಲಿ ನೀರು.

"ತಡೀರಿ, ಇನ್ನೂ ಐತಿ. ಇಂಥ ಮೇಷ್ಟ್ರಿಗೆ ಮೂವತ್ತು ಹುಡುಗರು ಎಲ್ಲಿ ಸಾಲ್ತಾರ? ಸೀಟು ಅರವತ್ತು ಮಾಡಿ ಹೋಗ್ಯಾರ. ಪ್ರವೇಶ ಮುಗಿದ ಮ್ಯಾಲ ಮತ್ತ ಬರ್ತಾರಂತ, ತಲಿ ಎಣಿಸಾಕ. ಒಂದು ಕುರ್ಚಿ ಖಾಲಿ ಕಂಡ್ರೂ ಬೀಗಾನ." ಸಿದ್ದಲಿಂಗೇಶ್ ಇನ್ನೊಂದು ಪೇಢೆ ಎತ್ತಿಕೊಂಡರು. "ತುಂಬ್ಸೋ ಜವಾಬ್ದಾರಿ ನಿಮ್ಮದ. ಯಾಕ್ರಿ, ಪೇಢೆ ನುಂಗವಲ್ರಿ?"