ಉಗುರಗಲದ ಕೋಟೆ

ನಲವತ್ತೆರಡು ಮಂದಿ ಸೈನಿಕರು, ಏಳು ಕಣಜ, ಒಂದು ಕೋಟೆ, ಕೋಟೆಯ ಸುತ್ತ ಶತ್ರುಗಳ ಡೇರೆಗಳು, ದೂರದಲ್ಲಿ ಮುಳುಗುವ ಸೂರ್ಯ. ಇಷ್ಟನ್ನೂ ಹನ್ನೊಂದು ದಿನ ಕೂತು ಬಿಡಿಸಿ, ಬಣ್ಣ ತುಂಬಿ, ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ ಅಕ್ಕನ ಕಣ್ಣೆದುರು ಹಿಡಿದಾಗ ಅವಳು ಹೇಳಿದ್ದು ಒಂದೇ ಮಾತು.

"ಬ್ರೆಡ್ಡಿಗೆ ಬೂಷ್ಟು ಹಿಡಿದಿದೆಯಲ್ಲೋ. ಎಸಿ ಅದನ್ನ."

ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ನಾಲ್ಕು ವರ್ಷ ಕೂತು ಅವನು ಒಬ್ಬನೇ ಕಟ್ಟಿದ ಕಂಪ್ಯೂಟರ್ ಆಟದ ಮುಖಚಿತ್ರ ಅದು. ಆಟದ ಹೆಸರು 'ಕೊನೆಯ ಕಣಜ'. ಶತ್ರು ಮುತ್ತಿದ ಕೋಟೆಯೊಳಗೆ, ಇರುವಷ್ಟೇ ಧಾನ್ಯದಲ್ಲಿ, ನೂರು ದಿನ ಜನರನ್ನು ಬದುಕಿಸಬೇಕು. ನಾಲ್ಕು ವರ್ಷ ಇದೇ ಮಾತಾಡಿದ್ದರಿಂದ ಬೀದಿಯವರು ಅವನಿಗೆ ಕಿಲ್ಲೇದಾರ ಎಂದು ಹೆಸರಿಟ್ಟಿದ್ದರು.

ಆ ದಿನ ಮಧ್ಯಾಹ್ನ ಮೂರಕ್ಕೆ ಆಟ ಇಂಟರ್‌ನೆಟ್ಟಿನ ಅಂಗಡಿಗೆ ಬರುವುದಿತ್ತು. ಸಾವಿರಾರು ಆಟಗಳ ಸಾಲಿನಲ್ಲಿ ಅದಕ್ಕೆ ಸಿಗುವ ಜಾಗ ಈ ಉಗುರಗಲದ ಚಿತ್ರ, ಥಂಬ್‌ನೇಲ್, ಅಷ್ಟೇ. ಕಣ್ಣು ಹಾಯಿಸಿದವರು ಅದನ್ನು ಒತ್ತಿದರೆ ಆಟ ಬದುಕಿತು. ಇಲ್ಲದಿದ್ದರೆ ಗೋದಾಮು.

ಗೋದಾಮು ಭಾವನದು, ಎಂದರೆ ಭಾವ ಅಲ್ಲಿನ ಮೇಲ್ವಿಚಾರಕ. ಮನೆಯಲ್ಲೂ ಚಪ್ಪಲಿಗಳನ್ನು ಅಳತೆಯ ಪ್ರಕಾರ ಜೋಡಿಸುವ ಮನುಷ್ಯ. ಕೈಕೆಳಗಿನವರು ಒಂದು ನಿಮಿಷ ತಡವಾಗಿ ಬಂದರೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತು. ಅವರು ಹಿಂದಿನ ದಿನವೇ ಹೇಳಿಬಿಟ್ಟಿದ್ದರು: "ನಾಳೆ ಸಂಜೆ ಏಳರೊಳಗೆ ಸಾವಿರ ಜನ ನಿನ್ನ ಚಿತ್ರ ಒತ್ತಿದ್ರೆ ಸರಿ. ಇಲ್ದಿದ್ರೆ ನಾಡಿದ್ದು ಒಂಬತ್ತಕ್ಕೆ ಗುಮಾಸ್ತನಾಗಿ ನನ್ನ ಮೇಜಿನ ಮುಂದಿರ್ಬೇಕು."

ಕಿಲ್ಲೇದಾರನಿಗಿದ್ದ ಧೈರ್ಯವೆಂದರೆ 'ಇಲಿಬೋನು' ಒಬ್ಬನೇ. ಆರು ತಿಂಗಳ ಹಿಂದೆ ಆಟದ ಕಚ್ಚಾ ಪ್ರತಿಯನ್ನು ಯಾರು ಬೇಕಾದರೂ ಆಡಲಿ ಎಂದು ಬಿಟ್ಟಾಗ ಹತ್ತೊಂಬತ್ತು ಜನ ಬಂದಿದ್ದರು. ಹದಿನೆಂಟು ಜನ ಅಂದೇ ಓಡಿಹೋದರು. ಇಲಿಬೋನು ಎಂಬ ಹೆಸರಿನವನೊಬ್ಬ ಮಾತ್ರ ಮುನ್ನೂರು ಗಂಟೆ ಆಡಿ ದಿನಕ್ಕೊಂದು ತಕರಾರು ಬರೆಯುತ್ತಿದ್ದ. 'ನಾಲ್ಕನೇ ಕಣಜದ ಬಾಗಿಲ ಕೆಳಗೆ ಎರಡು ಬೆರಳು ಸಂದಿ ಇದೆ. ಇಲಿ ನುಗ್ಗುತ್ತೆ. ಮುಚ್ಚಿ.' ಕಿಲ್ಲೇದಾರ ಭಕ್ತಿಯಿಂದ ಮುಚ್ಚಿದ್ದ. ಲೋಕದಲ್ಲಿ ಇಂಥವನೊಬ್ಬ ಇದ್ದಾನೆ ಎಂದರೆ ಇನ್ನೂ ಸಾವಿರ ಜನ ಇರಲೇಬೇಕು. ಅವರಿಗೆ ಬೂಷ್ಟು ಕಾಣದಂತೆ ನೋಡಿಕೊಳ್ಳಬೇಕು, ಅಷ್ಟೇ.

ಲ್ಯಾಪ್‌ಟಾಪ್ ಎತ್ತಿಕೊಂಡು ಎದುರುಬೀದಿಯ ಬೋರ್ಡ್ ಬರೆಯುವ ಪೇಂಟರ್ ಕಡೆಗೆ ಓಡಿದ. ಪೇಂಟರ್ ಏಣಿಯ ಮೇಲಿಂದಲೇ ಕೈ ಅಡ್ಡ ಹಿಡಿದ.

"ರಸ್ತೆ ದಾಟ್ಬೇಡ. ಅಲ್ಲೇ ನಿಂತು ತೋರ್ಸು."

"ಕಾಣುತ್ತಾ?"

"ಲ್ಯಾಪ್‌ಟಾಪ್ ಕಾಣುತ್ತೆ. ಅದ್ರಲ್ಲಿ ಏನೋ ಚೆಲ್ಲಿದೆ, ಒರೆಸ್ಕೋ."

"ಚೆಲ್ಲಿಲ್ಲ, ಸೈನಿಕರು ಅವರು. ನಲವತ್ತೆರಡು ಜನ."

"ಎಲ್ರನ್ನೂ ಮನೆಗೆ ಕಳ್ಸು. ಸೂರ್ಯನ್ನೂ ತೆಗಿ. ನಾನು ಬೋರ್ಡ್ ಬರೆಯೋದು ಬಸ್ಸಲ್ಲಿ ಹೋಗೋನಿಗೆ ಕಣಯ್ಯ, ನಿಂತು ಓದೋನಿಗಲ್ಲ."

ಅರ್ಧ ಗಂಟೆಯಲ್ಲಿ ಸೈನಿಕರು ಹೋದರು, ಡೇರೆಗಳು ಹೋದವು, ಒಂದೊಂದು ಇಟ್ಟಿಗೆಗೂ ಬೇರೆ ನೆರಳು ಕೊಟ್ಟು ಬಿಡಿಸಿದ್ದ ಕಣಜಗಳು ಸಾಲಾಗಿ ಹೋದವು. ಶತ್ರು ನಾಲ್ಕು ವರ್ಷದಲ್ಲಿ ಮಾಡಲಾಗದ್ದನ್ನು ಪೇಂಟರ್ ಬೆಳಗಿನ ತಿಂಡಿಗೆ ಮೊದಲೇ ಮಾಡಿ ಮುಗಿಸಿದ್ದ. ಉಳಿದದ್ದು ಒಂದು ಹಳದಿ ಗೋಡೆ.

"ಈಗ ಅದ್ರ ಮುಂದೆ ಒಂದು ಮುಖ ಇಡು. ಹೌಹಾರಿದ ಮುಖ. ಅವ್ನು ಏನು ನೋಡಿ ಬೆಚ್ಚಿದ ಅಂತ ತಿಳ್ಕೊಳ್ದೆ ಯಾರೂ ಮುಂದೆ ಹೋಗಲ್ಲ."

ಕಿಲ್ಲೇದಾರನ ಕೈಗೆ ಕೋಟೆ ಒಲಿದಿತ್ತು, ಮುಖ ಒಲಿದಿರಲಿಲ್ಲ. ಅವನು ಬರೆದ ಮುಖಗಳೆಲ್ಲ ನೆಗಡಿಯಾದ ಆಲೂಗೆಡ್ಡೆಯಂತೆ ಇರುತ್ತಿದ್ದವು. ಫೋಟೋ ತೆಗೆದು ಮೇಲೆ ಬಣ್ಣ ಹಚ್ಚುವುದೇ ಸರಿ ಎನಿಸಿತು. ಕೆಳಗಿನ ಮನೆಯ ನರ್ಸಮ್ಮನ ಕದ ತಟ್ಟಿದ. ಆಕೆ ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತಿಯಾದವರು. ಕಿಟಕಿಯ ಬಳಿ ಕೂತು ಕಾಲುಚೀಲ ಹೆಣೆಯುತ್ತಿದ್ದರು.

ಫೋನ್ ಸಿದ್ಧ ಮಾಡಿಕೊಂಡು ಏದುಸಿರು ಬಿಡುತ್ತ ಹೇಳಿದ. "ನರ್ಸಮ್ಮ, ನಿಮ್ಮ ಅಡುಗೆಮನೆಗೆ ಬೆಂಕಿ ಬಿದ್ದಿದೆ."

"ಯಾವ ಮೂಲೆಗೆ?"

"ಒಲೆ ಹತ್ರ."

"ಬೆಂಕಿ ಇನ್ನೆಲ್ಲಿರುತ್ತೆ. ಆರಿಸ್ಬಿಟ್ಟು ಬಾ. ನೀರು ಕುದ್ದಿದ್ರೆ ಹಾಗೇ ಎರಡು ಲೋಟ ಟೀ ಮಾಡ್ಕೊಂಡು ಬಾ."

ಅವನು ಟೀ ಮಾಡಿದ, ಲೋಟ ತೊಳೆದ. ಫೋಟೋದಲ್ಲಿ ನರ್ಸಮ್ಮ ಬಸ್ಸಿಗೆ ಕಾಯುವವರಂತೆ ಇದ್ದರು.

ಊಟದ ಹೊತ್ತಿಗೆ ವಿಷಯ ಅಕ್ಕನ ಕಿವಿಗೆ ಬಿತ್ತು. "ಇಷ್ಟಕ್ಕೆ ಊರೆಲ್ಲ ಸುತ್ತಬೇಕಾ? ನಾನಿಲ್ವಾ? ಶಾಲೆ ನಾಟಕದಲ್ಲಿ ಮೂರು ಸಲ ಮೂರ್ಛೆ ಬಿದ್ದೋಳು ನಾನು." ಫೋನ್ ಕಿತ್ತುಕೊಂಡು, ಕ್ಯಾಮೆರಾವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. "ನನ್ನ ಹಲ್ಲು ಇಷ್ಟು ಹಳದಿ ಆಗಿದೆ, ಮನೇಲಿ ಒಬ್ರಾದ್ರೂ ಹೇಳ್ಬಾರ್ದಾ?" ಎಂದು ಫೋನನ್ನು ಅವನ ಕೈಗೆ ತುರುಕಿ ಬಚ್ಚಲಿಗೆ ನಡೆದಳು.

ಎರಡೂ ಕಾಲು. ಆಗ ಭಾವ ಬಂದರು.

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಭಾವ ಸಂಜೆ ಏಳಕ್ಕೆ ಮೊದಲು ಮನೆಗೆ ಬಂದದ್ದಿಲ್ಲ. ಬುದ್ಧಿ ನೆಟ್ಟಗಿದ್ದಿದ್ದರೆ ಕಿಲ್ಲೇದಾರ ಅದನ್ನು ಯೋಚಿಸುತ್ತಿದ್ದ. ಅವರ ತೋಳಿನಲ್ಲಿದ್ದ ರಟ್ಟಿನ ಪೆಟ್ಟಿಗೆಯಿಂದ ಗೋಡೆ ಗಡಿಯಾರವೊಂದು ಇಣುಕುತ್ತಿದ್ದುದನ್ನೂ ನೋಡುತ್ತಿದ್ದ. ಅವನಿಗೆ ಕಂಡದ್ದು ಮುಖ ಮಾತ್ರ. ವರ್ಷಗಟ್ಟಲೆ ಎಣ್ಣೆ ಕಾಣದ ಅಂಗಡಿ ಶಟರ್‌ನಂತೆ ಬಿಗಿದ ಮುಖ. ಅದೊಮ್ಮೆ ಮೇಲಕ್ಕೆದ್ದರೆ ಬಸ್ಸುಗಳೇನು, ರೈಲುಗಳೂ ನಿಂತಾವು. ಅದನ್ನು ಎಬ್ಬಿಸಬಲ್ಲ ಸುಳ್ಳು ಯಾವುದೆಂದು ಹುಡುಕಬೇಕಾಗಿರಲಿಲ್ಲ.

ಮೆಸೇಜು ಓದುವವನಂತೆ ಫೋನನ್ನು ಎದೆಯ ಹತ್ತಿರ ಹಿಡಿದು ಬೆರಳನ್ನು ಗುಂಡಿಯ ಮೇಲಿಟ್ಟ. ಕಣ್ಣನ್ನು ಭಾವನ ಮುಖದಿಂದ ಕದಲಿಸಲಿಲ್ಲ.

"ಭಾವ, ಯೋಚನೆ ಮಾಡ್ದೆ. ನಾಳೆಯಿಂದ್ಲೇ ಗೋದಾಮಿಗೆ ಬರ್ತೀನಿ."

ಶಟರ್ ಅಲುಗಲಿಲ್ಲ. "ಯಾವ ಗೋದಾಮಿಗೆ?"

"ನಿಮ್ಮದಕ್ಕೇ."

"ನನ್ನದು ಅನ್ನೋ ಗೋದಾಮು ಹನ್ನೊಂದು ಗಂಟೆಯಿಂದ ಇಲ್ಲ. ಕೆಲಸದಿಂದ ತೆಗೆದುಹಾಕಿದ್ರು." ಭಾವ ಪೆಟ್ಟಿಗೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟರು. "ಆಫೀಸ್ ಕಂಪ್ಯೂಟರಲ್ಲಿ ಆಟ ಆಡ್ತಿದ್ದೆ. ಆರು ತಿಂಗಳಿಂದ. ಸಾಹೇಬ್ರು ಹಿಂದೆ ಬಂದು ನಿಂತಿದ್ದು ಗೊತ್ತಾಗ್ಲಿಲ್ಲ. ತೊಂಬತ್ತೊಂದನೇ ದಿನದಲ್ಲಿದ್ದೆ, ಧಾನ್ಯ ಬೇರೆ ಕಮ್ಮಿ ಇತ್ತು."

"ಆಟಾನಾ? ನೀವಾ? ಯಾವ ಆಟ?"

ಭಾವ ಬಚ್ಚಲ ಕಡೆ ನೋಡಿ ದನಿ ತಗ್ಗಿಸಿದರು. "ನಾಲ್ಕನೇ ಕಣಜದ ಬಾಗ್ಲು ಮುಚ್ಚಿದ್ದು ಒಳ್ಳೇದಾಯ್ತು. ಆರನೇದ್ರಲ್ಲಿ ಇನ್ನೂ ಸಂದಿ ಇದೆ."

ಕಿಲ್ಲೇದಾರನ ಬೆರಳು ತಾನಾಗಿಯೇ ಗುಂಡಿ ಒತ್ತಿತು.

ಬಾಯಿ ತುಂಬ ಪೇಸ್ಟಿನ ನೊರೆಯೊಂದಿಗೆ ಹೊರಬಂದ ಅಕ್ಕ ಭಾವನನ್ನೂ ಪೆಟ್ಟಿಗೆಯನ್ನೂ ನೋಡಿ ಮೆಟ್ಟಿಲ ಮೇಲೆ ಕೂತಳು. ಮನೆಗೆ ಸಂಬಳ ತರುತ್ತಿದ್ದವರು ಅವರೊಬ್ಬರೇ. ತಮ್ಮನ ಕೈಯಲ್ಲಿದ್ದ ಫೋನ್ ಇಸಿದುಕೊಂಡು ನೋಡಿದಳು.

ಅದರಲ್ಲಿ ಭಾವ ಇರಲಿಲ್ಲ. ಅವಳು ಸೆಲ್ಫಿಗೆಂದು ತಿರುಗಿಸಿಕೊಂಡಿದ್ದ ಕ್ಯಾಮೆರಾ ತಿರುಗಿದ್ದಂತೆಯೇ ಇತ್ತು. ಪರದೆಯ ತುಂಬ ಕಿಲ್ಲೇದಾರ ಇದ್ದ, ಎದೆಯ ಮಟ್ಟದಿಂದ ಕಂಡ ಕಿಲ್ಲೇದಾರ. ಎರಡೂ ಕಣ್ಣುಗುಡ್ಡೆ ಹೊರಗೆ ಬಂದು ನಿಂತಿದ್ದವು. ಬಾಯೊಳಗೆ ಎಂಟನೆಯ ಕಣಜ ಕಟ್ಟುವಷ್ಟು ಜಾಗವಿತ್ತು. ತಲೆಯ ಹಿಂದೆ ಫ್ಯಾನಿನ ರೆಕ್ಕೆಗಳು ಸೇನಾಪತಿಯ ತುರಾಯಿಯಂತೆ ಹರಡಿದ್ದವು.

"ಇದೇ ಕಣೋ," ಎಂದಳು ಅಕ್ಕ, ನೊರೆ ಒರೆಸಿಕೊಳ್ಳುತ್ತ. "ಹಾಕು. ಇನ್ನು ನಮಗೆ ಬೇರೆ ಗತಿ ಇಲ್ಲ."

ಮೂರಕ್ಕೆ ಹಳದಿ ಗೋಡೆಯ ಮುಂದೆ ಆ ಮುಖ ಅಂಗಡಿಗೆ ಏರಿತು. ರಸ್ತೆಯಾಚೆಯಿಂದ ನೋಡಿದ ಪೇಂಟರ್ ಏಣಿಯ ಮೇಲಿಂದ ಒಂದು ಮೆಟ್ಟಿಲು ಜಾರಿದ. ನಾಲ್ಕಕ್ಕೆ ಇನ್ನೂರು ಜನ ಒತ್ತಿದರು. ಐದೂವರೆಗೆ ಏಳುನೂರು. ಏಳಕ್ಕೆ ಹತ್ತು ನಿಮಿಷ ಇರುವಾಗ ಸಾವಿರ ದಾಟಿತು. ಕಿಲ್ಲೇದಾರ ಮೂರು ಮೆಟ್ಟಿಲಿಗೊಂದು ಹೆಜ್ಜೆಯಿಟ್ಟು ಕೆಳಗೆ ಬಂದ.

"ಭಾವ, ಸಾವಿರ ಆಯ್ತು. ನಿಮ್ಮ ಮಾತಿನ ಪ್ರಕಾರ ನಾನಿನ್ನು ಎಲ್ಲಿಗೂ ಬರ್ಬೇಕಾಗಿಲ್ಲ."

"ಬರ್ಬೇಕಾಗಿಲ್ಲ," ಎಂದು ಭಾವ ಒಪ್ಪಿಕೊಂಡರು. ಪೆಟ್ಟಿಗೆ ಎತ್ತಿಕೊಂಡು ಮಹಡಿ ಹತ್ತಿದರು.

ಅವನು ಹಿಂಬಾಲಿಸಿ ಬರುವಷ್ಟರಲ್ಲಿ ಕುರ್ಚಿಯ ಎದುರಿನ ಮೊಳೆಯಲ್ಲಿ ಗಡಿಯಾರ ತೂಗುತ್ತಿತ್ತು. ಮೇಜಿನ ಮೇಲೆ ಹಾಜರಿ ಪುಸ್ತಕ, ಅದರ ಮೇಲೆ ಕೆಂಪು ಪೆನ್ನು. ಅವನ ಕುರ್ಚಿಯಲ್ಲಿ ಭಾವ.

"ಸಾವಿರ ಜನ ಅಂದ್ರೆ ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಕಣಯ್ಯ. ಮೇಲ್ವಿಚಾರಣೆ ಬೇಕು. ನಾಳೆ ಒಂಬತ್ತಕ್ಕೆ ಶುರು. ಮೊದಲು ಆರನೇ ಕಣಜದ ಬಾಗ್ಲು."

"ಭಾವ, ಇದು ನಾನು ಮಲಗೋ ಕೋಣೆ."

"ಹಾಗಾದ್ರೆ ತಡ ಆಗೋಕೆ ಕಾರಣವೇ ಇಲ್ಲ," ಎಂದು ಭಾವ ಹೊಸ ಹಾಳೆಗೆ ಗೆರೆ ಎಳೆಯತೊಡಗಿದರು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಲ್ಯಾಪ್‌ಟಾಪಿನ ಮೇಲಿದ್ದ ಮುಖವನ್ನೊಮ್ಮೆ, ತಮ್ಮನ ಮುಖವನ್ನೊಮ್ಮೆ ನೋಡಿದಳು.

"ಈಗ ತೆಗೀಬೇಕಿತ್ತು ಕಣೋ ಫೋಟೋನ," ಎಂದಳು. "ಮಧ್ಯಾಹ್ನದ್ದು ಏನೇನೂ ಅಲ್ಲ."