ಬೀಗರ ಜೊತೆ ಮೆಕ್ಸಿಕನ್ ಊಟ

ದೊಡ್ಡ ಹೋಟೆಲುಗಳಲ್ಲಿ ನನಗೆ ನೆಮ್ಮದಿಯಾಗಿ ಕೂರಲು ಬರುವುದಿಲ್ಲ. ದರ್ಶಿನಿಯಾದರೆ ನಿಂತು ತಿಂದು, ಕೈ ತೊಳೆದು ಹೊರಟುಬಿಡಬಹುದು. ನಮ್ಮ ನಡವಳಿಕೆ ಅಳೆಯಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ನಾನು ಕೆಲಸ ಮಾಡುವ ಬೊಮ್ಮಸಂದ್ರದ ಕಾರ್ಖಾನೆಯ ಕ್ಯಾಂಟೀನಿನಲ್ಲೂ ಅಷ್ಟೇ. ಇಂಥ ನನ್ನನ್ನು ಮಗಳು ಅನಘಾ ಒಂದು ಭಾನುವಾರ ಮಧ್ಯಾಹ್ನ ಬೇಗೂರಿನ ಮನೆಯಿಂದ ವೈಟ್‌ಫೀಲ್ಡಿನ ಭಾರೀ ಮೆಕ್ಸಿಕನ್ ಹೋಟೆಲಿಗೆ ಎಳೆದುಕೊಂಡು ಹೋದಳು. ಅವಳು ಮೆಚ್ಚಿದ ಹುಡುಗ ಪ್ರವೀಣನ ತಂದೆ ಬಾಗಲಕೋಟೆಯಿಂದ ಬಂದಿದ್ದರು. ಮದುವೆಯ ಮಾತು ಅಲ್ಲೇ ಆಗಬೇಕಿತ್ತು. ಬರುವ ಶ್ರಾವಣದಲ್ಲೇ ಮದುವೆಯಾಗಬೇಕೆಂಬ ಆತುರ ಹುಡುಗ ಹುಡುಗಿ ಇಬ್ಬರಿಗೂ.

"ಮನೇಲೇ ಕೇಸರಿಬಾತು, ಉಪ್ಪಿಟ್ಟು ಮಾಡ್ಬಹುದಿತ್ತಲ್ಲೇ" ಎಂದೆ.

"ಮನೇಲಾದ್ರೆ ನೀನು ಕ್ರಿಕೆಟ್ ಹಾಕ್ಕೊಂಡು ಕೂತ್ಬಿಡ್ತೀಯಪ್ಪಾ" ಎಂದಳು. ನನ್ನ ಹೆಂಡತಿ ವಿಮಲಾ ಹೌದೆಂದು ತಲೆಯಾಡಿಸಿದಳು.

ಹೋಟೆಲಿನೊಳಗೆ ಹಾಡುಹಗಲಲ್ಲೇ ಕತ್ತಲು. ಅಗಲವಾದ ತಟ್ಟೆಯ ನಡುವೆ ಅಂಗೈಗಿಂತ ಚಿಕ್ಕ ಮೆಕ್ಕೆಜೋಳದ ರೊಟ್ಟಿ ಬಂತು. ಬಡಿಸಿದವನು ಅದರ ಕುಲಗೋತ್ರವನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದ: ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಕಲ್ಲಿನಲ್ಲಿ ಅರೆದದ್ದಂತೆ, ಮೆಕ್ಸಿಕೋದ ಅಜ್ಜಿಯರ ಕಾಲದ ಪದ್ಧತಿಯಂತೆ. ಬೀಗರು ತಟ್ಟೆಯನ್ನು ಬಗ್ಗಿ ನೋಡಿ, "ರೊಟ್ಟಿ ಬರೇ ಇಷ್ಟ ಏನ್ರಿ, ಇನ್ನೂ ಬರ್ತಾವೋ?" ಎಂದರು. ಎಲ್ಲರೂ ನಕ್ಕರು. ನನ್ನ ಕಾಲು ಮಾತ್ರ ಮೇಜಿನಡಿಯಲ್ಲಿ ಕುಣಿಯುತ್ತಲೇ ಇತ್ತು. ಕೈಗಾದರೂ ಒಂದು ಕೆಲಸವಿರಲೆಂದು ರೊಟ್ಟಿಯ ಪಕ್ಕದಲ್ಲಿದ್ದ ಕಿತ್ತಳೆ ಬಣ್ಣದ ಪುಟ್ಟ ಹಣ್ಣನ್ನು ಎತ್ತಿ ಬಾಯಿಗೆ ಹಾಕಿಕೊಂಡು ಕಚ್ಚಿದೆ.

ಅದು ಹಣ್ಣಲ್ಲ, ಆ ದೇಶದ ಮೆಣಸಿನಕಾಯಿ. "ಹಂಗಾರ ಶ್ರಾವಣದಾಗ ಮದುವಿ ಇಟ್ಕೊಳ್ಳೋಣ್ರಿ" ಎಂದು ಬೀಗರು ಹೇಳುವುದಕ್ಕೂ ನನ್ನ ಕಣ್ಣಿಂದ ದಳದಳ ನೀರು ಸುರಿಯುವುದಕ್ಕೂ ಸರಿಹೋಯಿತು.

ಅವರು ನನ್ನ ಕೈ ಹಿಡಿದುಕೊಂಡರು. "ಅಳಬ್ಯಾಡ್ರಿ ಬೀಗರ. ಮಗಳನ್ನ ಕೊಟ್ಟು ಕಳಿಸಿದ ದಿನ ನಾನೂ ಹಿಂಗ ಅತ್ತೇನ್ರಿ. ಅವಸರ ಬ್ಯಾಡ, ಮುಂದಿನ ವರ್ಷ ಮಾಡೋಣ. ಅಲ್ಲೀತನಕ ಆಕಿ ನಿಮ್ಮ ಹತ್ರಾನ ಇರ್ಲಿ."

ಪ್ರವೀಣನ ಮುಖ ಬಾಡಿತು. "ಅಂಕಲ್, ಅಪ್ಪ ಮೆಣಸಿನಕಾಯಿ ಕಚ್ಚಿದಾರೆ ಅಷ್ಟೇ!" ಎಂದು ಅನಘಾ ಗಾಬರಿಯಿಂದ ಹೇಳಿದಳು.

"ಇರ್ಲಿ ಬಿಡವ್ವಾ, ಗಂಡಸರು ಅತ್ತರ ಖಾರದ ನೆವ ಹೇಳೋದು ಇದ್ದದ್ದ" ಎಂದು ಬೀಗರೂ ಕಣ್ಣೊರೆಸಿಕೊಂಡರು.

ನನಗೆ ದನಿಯೇ ಹೊರಡಲಿಲ್ಲ. ಅಲ್ಲ ಅಲ್ಲವೆಂದು ಎರಡೂ ಕೈ ಅಲ್ಲಾಡಿಸಿದೆ. ಅದು ಅವರಿಗೆ ನಮಸ್ಕಾರದಂತೆ ಕಂಡಿತು. ಕೊನೆಗೆ ಐಸ್‌ಕ್ರೀಂ ಬಂತು. ನಾಲ್ಕು ಚಮಚ ಒಳಗಿಳಿದ ಮೇಲೆ ನಾಲಗೆ ನನ್ನದೇ ಅನ್ನಿಸತೊಡಗಿತು. ಬೀಗರಿಗೂ ಏನೋ ಅನುಮಾನ ಬಂದಿರಬೇಕು. "ಖರೇ ಹೇಳ್ರಿ, ಖಾರನೋ, ಸಂಕಟನೋ?" ಎಂದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅನಘಾ ಕಣ್ಣಲ್ಲೇ ಬೇಡುತ್ತಿದ್ದಳು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಹೊತ್ತಿಗೆ ನನಗೆ ನೆನಪಾದದ್ದು, ಸಂಜೆ ಮಗಳ ಸ್ಕೂಟರಿನ ಸದ್ದು ಕೇಳುವವರೆಗೂ ಗೇಟಿಗೂ ಜಗಲಿಗೂ ಅಡ್ಡಾಡುವ ನನ್ನ ಚಾಳಿ.

"ಸಂಕಟ ಸಾರ್" ಎಂದೆ.

ಅನಘಾ ನನ್ನ ಐಸ್‌ಕ್ರೀಮಿನ ಬಟ್ಟಲನ್ನು ತನ್ನತ್ತ ಎಳೆದುಕೊಂಡಳು. ನಾನು ತಕರಾರು ಮಾಡಲಿಲ್ಲ. ಅವಳಿಂದ ಇಡೀ ಒಂದು ವರ್ಷವನ್ನೇ ಕಿತ್ತುಕೊಂಡವನು ಅಷ್ಟನ್ನಾದರೂ ಬಿಟ್ಟುಕೊಡಬೇಕಲ್ಲ.